ಸುಕ್ಕಿಗೆ ಸೂಜಿ: ಮೊದಲು ಕನ್ನಡಿ, ಆಮೇಲೆ ಕ್ಲಿನಿಕ್

ಬಳ್ಳಾರಿಯ ಒಂದು ಚರ್ಮದ ಕ್ಲಿನಿಕ್‌ನಲ್ಲಿ ಕೆಲವು ವರ್ಷ ಕೌಂಟರ್ ನೋಡಿಕೊಂಡಿದ್ದೆ. ಮದುವೆ ಸೀಸನ್ ಬಂತೆಂದರೆ ದಿನಕ್ಕೊಬ್ಬರಾದರೂ ಬಾಗಿಲಲ್ಲೇ ನಿಂತು ಕೇಳುತ್ತಿದ್ದರು: "ಅಕ್ಕಾ, ಬೊಟಾಕ್ಸ್ ಹಾಕಿಸ್ಬೇಕ್ರೀ, ರೇಟ್ ಎಷ್ಟು?" ಎಲ್ಲಿಗೆ ಅಂತ ಕೇಳಿದರೆ ಬೆರಳು ಹೋಗುತ್ತಿದ್ದುದು ಮೂಗಿನ ಪಕ್ಕದಿಂದ ಬಾಯಿಯ ತುದಿಗೆ ಇಳಿಯುವ ಗೆರೆಯ ಮೇಲೆ. ಆ ಗೆರೆಗೆ ಬೊಟಾಕ್ಸ್ ಮದ್ದೇ ಅಲ್ಲ. ಯಾವ ಟೂತ್‌ಪೇಸ್ಟ್ ಬೇಕಾದರೂ 'ಕೋಲ್ಗೇಟ್ ಕೊಡಿ' ಅಂತ ಕೇಳುತ್ತೇವಲ್ಲ, ಹಾಗೆ ಮುಖಕ್ಕೆ ಹಾಕುವ ಎಲ್ಲ ಸೂಜಿಗೂ ಬೊಟಾಕ್ಸ್ ಅನ್ನುವ ಒಂದೇ ಹೆಸರು ಬಿದ್ದುಬಿಟ್ಟಿದೆ. ಎಡವಟ್ಟು ಶುರುವಾಗುವುದೇ ಇಲ್ಲಿಂದ.

ನಾನು ಡಾಕ್ಟರ್ ಅಲ್ಲ. ಡಾಕ್ಟರ ಹತ್ತಿರ ಹೋಗುವ ಮೊದಲು ಮನೆಯಲ್ಲಿ ಏನು ನೋಡಿಕೊಳ್ಳಬೇಕು, ಹೋದ ಮೇಲೆ ಏನು ಕೇಳಬೇಕು ಅಂತ ಮಾತ್ರ ಹೇಳುತ್ತೇನೆ.

1. ಕನ್ನಡಿ ಮುಂದೆ ಹತ್ತು ನಿಮಿಷ

ಎಲ್ಲರೂ ಹಾರಿಸಿಬಿಡುವ ಹೆಜ್ಜೆ ಇದು. ಬೆಳಿಗ್ಗೆ ಮುಖ ತೊಳೆದು, ಪೌಡರ್ ಹಚ್ಚದೆ, ಕಿಟಕಿಯ ಪಕ್ಕ ಕೂತುಕೊಳ್ಳಿ. ಬಾತ್‌ರೂಮಿನ ಬಲ್ಬು ಬೇಡ. ಫೋನಿನ ಸೆಲ್ಫಿ ಕ್ಯಾಮೆರಾ ಅಂತೂ ಬೇಡವೇ ಬೇಡ, ಅದು ತಾನೇ ಮುಖವನ್ನು ನುಣ್ಣಗೆ ಮಾಡಿ ತೋರಿಸುತ್ತದೆ.

ಮೊದಲು ಮುಖವನ್ನು ಸಡಿಲ ಬಿಡಿ. ನಗಬೇಡಿ, ಹುಬ್ಬು ಎತ್ತಬೇಡಿ. ಈಗ ಕಾಣುವ ಗೆರೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಆಮೇಲೆ ಹುಬ್ಬು ಮೇಲೆತ್ತಿ. ನಂತರ ಮೇ ತಿಂಗಳ ಮಧ್ಯಾಹ್ನ ಕೋಟೆ ಗುಡ್ಡದ ಕಡೆ ನೋಡುವ ಹಾಗೆ ಕಣ್ಣು ಕಿರಿದು ಮಾಡಿ, ಹುಬ್ಬು ಗಂಟಿಕ್ಕಿ. ಕೊನೆಗೆ ಜೋರಾಗಿ ನಕ್ಕುಬಿಡಿ. ಹೊಸದಾಗಿ ಎದ್ದ ಗೆರೆಗಳನ್ನು, ಮೊದಲೇ ಇದ್ದು ಈಗ ಇನ್ನೂ ಆಳವಾದವನ್ನು ಇನ್ನೊಂದು ಚೀಟಿಯಲ್ಲಿ ಬರೆಯಿರಿ.

ಜೀನ್ಸ್ ಹೊಲಿಯುವ ಊರಿನವರಿಗೆ ಈ ವ್ಯತ್ಯಾಸ ಹೇಳುವುದು ಸುಲಭ. ಹೊಸ ಪ್ಯಾಂಟು ಹಾಕಿಕೊಂಡು ಕೂತರೆ ತೊಡೆಯ ಹತ್ತಿರ ಮಡಿಕೆ ಬೀಳುತ್ತದೆ, ಎದ್ದರೆ ಹೋಗುತ್ತದೆ. ಅದೇ ಪ್ಯಾಂಟು ಎರಡು ವರ್ಷ ಹಾಕಿದ್ದಾದರೆ? ಇಸ್ತ್ರಿ ಮಾಡಿ ಹಾಸಿಟ್ಟರೂ ಮಡಿಕೆ ಇದ್ದ ಜಾಗದಲ್ಲಿ ಬಿಳಿ ಗೆರೆ ಉಳಿದಿರುತ್ತದೆ. ಮುಖವೂ ಹಾಗೇ. ಹಣೆಯ ಅಡ್ಡಗೆರೆ, ಹುಬ್ಬಿನ ನಡುವಿನ ಉದ್ದಗೆರೆ, ಕಣ್ಣಂಚಿನ ಗೆರೆ ಮೊದಲು ಸ್ನಾಯು ಕದಲಿದಾಗ ಮಾತ್ರ ಬರುತ್ತವೆ. ವರ್ಷಗಳು ಕಳೆದಂತೆ ಸುಮ್ಮನೆ ಕೂತಾಗಲೂ ಉಳಿದುಬಿಡುತ್ತವೆ.

ಇನ್ನೊಂದು ಪರೀಕ್ಷೆ ಇದೆ. ಅಂಗಾತ ಮಲಗಿ ಕನ್ನಡಿಯನ್ನು ಮುಖದ ಮೇಲೆ ಹಿಡಿಯಿರಿ. ಮೂಗಿನ ಪಕ್ಕದ ಗೆರೆ ಅರ್ಧ ಮಾಯವಾಯಿತಾ? ಕೂತುಕೊಂಡು ಕೆನ್ನೆಯನ್ನು ಬೆರಳಿನಿಂದ ಮೆಲ್ಲಗೆ ಮೇಲೆ ತಳ್ಳಿದಾಗಲೂ ಹಾಗೇ ಆಯಿತಾ? ಹಾಗಿದ್ದರೆ ಅಲ್ಲಿ ಸ್ನಾಯುವಿನ ತಪ್ಪು ಕಡಿಮೆ. ಒಳಗಿನ ತುಂಬು ಕರಗಿ ಕೆನ್ನೆ ಜೋತಿದೆ.

ಕೆನ್ನೆಯ ತುಂಬ ಮುದುಡಿದ ಕಾಗದದ ಹಾಗೆ ಸಣ್ಣ ಸಣ್ಣ ಗೆರೆಗಳಿದ್ದರೆ ಅದು ಹೆಚ್ಚಾಗಿ ಬಿಸಿಲಿನ ಕೆಲಸ. ನಮ್ಮೂರಲ್ಲಿ ಇದೇ ಜಾಸ್ತಿ. ಇದಕ್ಕೆ ಸೂಜಿಗಿಂತ ಮೊದಲು ಸನ್‌ಸ್ಕ್ರೀನ್, ಆಮೇಲೆ ಡಾಕ್ಟರ್ ಬರೆದುಕೊಡುವ ರೆಟಿನಾಯ್ಡ್ (ವಿಟಮಿನ್ ಎ ಜಾತಿಯ) ಕ್ರೀಮು. ಬೇಜಾರಾಗುತ್ತದೆ, ಗೊತ್ತು. ಬೇಗ ಆಗುವ ಕೆಲಸ ಅಲ್ಲ.

2. ಗೆರೆ ನೋಡಿ ಸೂಜಿ

ಕದಲಿದಾಗ ಏಳುವ ಗೆರೆಗೆ ಬೊಟುಲಿನಮ್ ಟಾಕ್ಸಿನ್. ಬೊಟಾಕ್ಸ್ ಅನ್ನುವುದು ಅದರ ಒಂದು ಬ್ರಾಂಡು. ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ಇದು ತಡೆಯುತ್ತದೆ, ಸ್ನಾಯು ಸಡಿಲವಾಗುತ್ತದೆ. ಇದು ಹುಟ್ಟಿದ್ದು ಅಂದಕ್ಕಾಗಿ ಅಲ್ಲ. ಅಮೆರಿಕದಲ್ಲಿ 1989ರಲ್ಲಿ ಒಪ್ಪಿಗೆ ಸಿಕ್ಕಿದ್ದು ಮೆಳ್ಳೆಗಣ್ಣಿಗೆ, ರೆಪ್ಪೆಯ ಸೆಳೆತಕ್ಕೆ. ಹುಬ್ಬಿನ ನಡುವಿನ ಗೆರೆಗೆ ಒಪ್ಪಿಗೆ ಬಂದದ್ದು 2002ರಲ್ಲಿ. ಹಾಕಿದ ಮೂರ್ನಾಲ್ಕು ದಿನಕ್ಕೆ ಕೆಲಸ ಶುರುವಾಗುತ್ತದೆ, ಎರಡು ವಾರಕ್ಕೆ ಪೂರ್ತಿ ಕಾಣುತ್ತದೆ, ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ.

ತುಂಬು ಕಳೆದುಕೊಂಡ ಜಾಗಕ್ಕೆ ಫಿಲ್ಲರ್. ಇದು ಸ್ನಾಯುವನ್ನು ಮುಟ್ಟುವುದಿಲ್ಲ, ಗುಂಡಿ ಬಿದ್ದಲ್ಲಿ ಜೆಲ್ ತುಂಬುತ್ತದೆ. ಫಿಲ್ಲರ್‌ನಲ್ಲಿ ನನ್ನ ಮಾತು ಒಂದೇ: ಹೈಲುರಾನಿಕ್ ಆಸಿಡ್ (ನಮ್ಮ ಚರ್ಮದಲ್ಲೂ ಇರುವ, ನೀರು ಹಿಡಿದಿಡುವ ವಸ್ತು) ನದ್ದು ಬಿಟ್ಟು ಬೇರೆಯದಕ್ಕೆ ಮೊದಲ ಸಲ ಒಪ್ಪಬೇಡಿ. ಸಾಮಾನ್ಯವಾಗಿ ಆರು ತಿಂಗಳಿಂದ ಒಂದೂವರೆ ವರ್ಷ ಇರುತ್ತದೆ. ಇಷ್ಟವಾಗದಿದ್ದರೆ ಹೈಲುರೊನಿಡೇಸ್ ಅನ್ನುವ ಇನ್ನೊಂದು ಇಂಜೆಕ್ಷನ್ ಕೊಟ್ಟು ಕರಗಿಸಬಹುದು. ಕ್ಯಾಲ್ಸಿಯಂ ಇರುವ ಫಿಲ್ಲರ್‌ಗೆ ಆ ದಾರಿ ಇಲ್ಲ. 'ಪರ್ಮನೆಂಟ್' ಅಂದರಂತೂ ಎದ್ದು ಬನ್ನಿ. ಮುಖ ವರ್ಷ ವರ್ಷ ಬದಲಾಗುತ್ತದೆ, ತುಂಬಿದ್ದು ಬದಲಾಗುವುದಿಲ್ಲ.

ಎರಡೂ ಚೀಟಿಯಲ್ಲಿ ಒಂದೇ ಗೆರೆ ಇದ್ದರೆ ಮೊದಲು ಟಾಕ್ಸಿನ್ ಹಾಕಿಸಿ, ಎರಡು ವಾರ ಕಾಯಿರಿ. ಉಳಿದರೆ ಮುಂದಿನ ಮಾತು. ಹುಬ್ಬಿನ ನಡುವೆ, ಮೂಗಿನ ಮೇಲೆ ಫಿಲ್ಲರ್ ಬೇಡ ಅನ್ನುವುದು ನನ್ನ ಹಟ. ಅಲ್ಲಿಯ ರಕ್ತನಾಳಗಳಿಗೆ ಕಣ್ಣಿನ ನಾಳಗಳ ನಂಟಿದೆ. ಜೆಲ್ ನಾಳದೊಳಗೆ ಹೋದರೆ ಚರ್ಮ ಸಾಯಬಹುದು, ದೃಷ್ಟಿಯೂ ಹೋಗಬಹುದು. ಅಪರೂಪ, ಆದರೆ ಆದ ಮೇಲೆ ಅಪರೂಪ ಅಂದುಕೊಂಡು ಏನು ಸುಖ?

ಅಡ್ಡದಾರಿಗಳ ಬಗ್ಗೆ ಎರಡು ಮಾತು. ಆನ್‌ಲೈನ್‌ನಲ್ಲಿ ಸೂಜಿ ಇಲ್ಲದೆ ಫಿಲ್ಲರ್ ಚಿಮ್ಮಿಸುವ ಪೆನ್ನು ಮಾರುತ್ತಾರೆ. ಅದನ್ನು ಬಳಸಬೇಡಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರಲ್ಲೇ ಎಚ್ಚರಿಸಿದೆ. 'ಬೊಟಾಕ್ಸ್ ಕ್ರೀಮ್' ಅನ್ನುವ ಡಬ್ಬಿಗಳು ಸ್ನಾಯುವಿನ ತನಕ ಏನನ್ನೂ ತಲುಪಿಸುವುದಿಲ್ಲ. ಪಾರ್ಲರ್‌ನ 'ಹೇರ್ ಬೊಟಾಕ್ಸ್' ಕೂದಲಿಗೆ ಹಾಕುವ ಕಂಡೀಷನಿಂಗ್ ಅಷ್ಟೇ, ಹೆಸರು ನೋಡಿ ಹೆದರುವುದೂ ಬೇಡ, ಆಸೆಪಡುವುದೂ ಬೇಡ.

3. ಯಾರ ಕೈಗೆ ಮುಖ ಕೊಡುವುದು

ಚರ್ಮದ ಡಾಕ್ಟರ್ ಇಲ್ಲವೇ ಪ್ಲಾಸ್ಟಿಕ್ ಸರ್ಜನ್. ಬ್ಯೂಟಿಷಿಯನ್ ಅಲ್ಲ, ಎಷ್ಟೇ ಪರಿಚಯದವರಾದರೂ ಅಲ್ಲ. ಬೋರ್ಡಿನಲ್ಲಿ ಮೆಡಿಕಲ್ ಕೌನ್ಸಿಲ್ ನೋಂದಣಿ ನಂಬರ್ ನೋಡಿ. ದೊಡ್ಡ ಕ್ಲಿನಿಕ್‌ಗೆ ಹೋಗಲು ಅಂಜಿಕೆಯಾದರೆ, ಜನ ಈಗಲೂ ವಿಮ್ಸ್ ಅಂತಲೇ ಕರೆಯುವ ಸರ್ಕಾರಿ ಮೆಡಿಕಲ್ ಕಾಲೇಜಿನ ಚರ್ಮದ ವಿಭಾಗದಲ್ಲಿ ಒಂದು ಚೀಟಿ ಮಾಡಿಸಿ ಮೊದಲು ಸಲಹೆ ಕೇಳಿ.

4. ಸೀಸೆ ಎದುರಿಗೇ ಒಡೆಯಲಿ

ಇಲ್ಲಿ ಸಂಕೋಚಪಟ್ಟು ಕೆಟ್ಟವರು ಬಹಳ ಜನ. ಬೊಟಾಕ್ಸ್ ಬರುವುದು ಪುಡಿಯಾಗಿ. ಸೀಸೆಯ ತಳದಲ್ಲಿ ತೆಳ್ಳಗೆ ಅಂಟಿರುತ್ತದೆ, ಖಾಲಿ ಸೀಸೆಯೇನೋ ಅನ್ನಿಸುತ್ತದೆ. ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಹೊರಗೆ 42 ಡಿಗ್ರಿ, ಒಳಗೆ ಕರೆಂಟು ಹೋಗಿ ಎರಡು ಗಂಟೆ. ಫ್ರಿಜ್‌ಗೆ ಬ್ಯಾಕಪ್ ಇದೆಯಾ ಅಂತ ಕೇಳುವುದು ತಪ್ಪಲ್ಲ. ಮುಚ್ಚಳ ನಿಮ್ಮ ಎದುರಿಗೆ ತೆಗೆಯಲಿ. ಬೆರೆಸಿದ ಮೇಲೆ 24 ಗಂಟೆಯೊಳಗೆ ಬಳಸಬೇಕು ಅಂತ ಕಂಪನಿಯ ಚೀಟಿಯಲ್ಲೇ ಇದೆ. ಹೋದ ವಾರ ಒಡೆದ ಸೀಸೆಯಲ್ಲಿ ಉಳಿದದ್ದನ್ನು 'ಆಫರ್' ಅಂತ ಕೊಟ್ಟರೆ ಬೇಡ ಅನ್ನಿ.

ರೇಟು ಕೇಳುವಾಗ 'ಮುಖಕ್ಕೆ ಎಷ್ಟು' ಅಂತ ಕೇಳಬೇಡಿ. ಯಾವ ಬ್ರಾಂಡು, ಎಷ್ಟು ಯೂನಿಟ್ (ಟಾಕ್ಸಿನ್ ಅಳೆಯುವ ಲೆಕ್ಕ), ಯೂನಿಟ್‌ಗೆ ಎಷ್ಟು ಅಂತ ಕೇಳಿ. ಹುಬ್ಬಿನ ನಡುವಿನ ಜಾಗಕ್ಕೆ ಬೊಟಾಕ್ಸ್ ಚೀಟಿಯ ಪ್ರಕಾರ 20 ಯೂನಿಟ್, ಐದು ಕಡೆ ನಾಲ್ಕು ನಾಲ್ಕು. ಡಿಸ್ಪೋರ್ಟ್ ಅನ್ನುವ ಬ್ರಾಂಡಿನಲ್ಲಿ ಅದೇ ಜಾಗಕ್ಕೆ 50. ಒಂದರ ಯೂನಿಟ್ ಇನ್ನೊಂದರ ಯೂನಿಟ್‌ಗೆ ಸಮ ಅಲ್ಲ. 'ಅಲ್ಲಿ ಯೂನಿಟ್ ಅಗ್ಗ' ಅಂತ ಓಡಿದವರು ಮೋಸ ಹೋಗುವುದು ಈ ಲೆಕ್ಕದಲ್ಲೇ. ಫಿಲ್ಲರ್‌ಗೆ ಯೂನಿಟ್ ಇಲ್ಲ, ಎಂಎಲ್ ಲೆಕ್ಕ. ಸೀಲ್ ಆದ ಸಿರಿಂಜ್, ಅದರ ಸ್ಟಿಕ್ಕರ್ ನಿಮ್ಮ ಫೈಲಿಗೆ ಅಂಟಿರಬೇಕು. ಜೊತೆಗೆ ಒಂದು ಪ್ರಶ್ನೆ: "ಕರಗಿಸುವ ಇಂಜೆಕ್ಷನ್ ಇಲ್ಲೇ ಇದೆಯಾ ಡಾಕ್ಟ್ರೇ?" ಇಲ್ಲ ಅಂದರೆ ಅವತ್ತು ಫಿಲ್ಲರ್ ಬೇಡ.

5. ಮುಚ್ಚಿಡದೆ ಹೇಳಬೇಕಾದ್ದು

ಗರ್ಭಿಣಿಯರು, ಹಾಲೂಡಿಸುವವರು ಮುಂದೂಡಿ. ಮಯಸ್ತೇನಿಯಾ ಗ್ರಾವಿಸ್‌ನಂಥ ನರ-ಸ್ನಾಯು ಕಾಯಿಲೆ, ರಕ್ತ ತೆಳು ಮಾಡುವ ಮಾತ್ರೆ, ಈಚೆಗೆ ತಗೊಂಡ ಜೆಂಟಾಮೈಸಿನ್ ಥರದ ಆಂಟಿಬಯಾಟಿಕ್ ಇಂಜೆಕ್ಷನ್, ಎಲ್ಲ ಹೇಳಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

6. ದಿನ ಗೊತ್ತು ಮಾಡುವುದು, ಆಮೇಲಿನ ಜೋಪಾನ

ಮಗಳ ಮದುವೆಗೆ ನಾಲ್ಕು ದಿನ ಇದ್ದಾಗ ಓಡಿ ಬರುವವರನ್ನು ಕಂಡರೆ ಈಗಲೂ ಸಿಟ್ಟು ಬರುತ್ತದೆ. ಸೂಜಿ ಚುಚ್ಚಿದ ಕಡೆ ನೀಲಿಗಟ್ಟಿದರೆ ಒಂದು ವಾರ ಇರುತ್ತದೆ. ಟಾಕ್ಸಿನ್ ಆಚೀಚೆ ಹರಿದರೆ ರೆಪ್ಪೆ ಜೋತು ಬಿದ್ದು ವಾರಗಟ್ಟಲೆ ಹಾಗೇ ಇರಬಹುದು. ಅದನ್ನು ಕರಗಿಸುವ ಮದ್ದಿಲ್ಲ, ಕಾಯಬೇಕು. ಹಾಗಾಗಿ ಕನಿಷ್ಠ ಒಂದು ತಿಂಗಳು ಮೊದಲೇ ಹೋಗಿ.

ಟಾಕ್ಸಿನ್ ಹಾಕಿಸಿದ ದಿನ ನಾಲ್ಕು ಗಂಟೆ ಮಲಗಬೇಡಿ, ಆ ಜಾಗ ಉಜ್ಜಬೇಡಿ. ಕುಂಕುಮವನ್ನೂ ಒತ್ತದೆ ಹಗುರಾಗಿ ಇಡಿ. ತಲೆಗೆ ಎಣ್ಣೆ ತಿಕ್ಕಿಸಿಕೊಳ್ಳುವುದು, ಫೇಶಿಯಲ್ ಅವತ್ತು ಬೇಡ. ಫಿಲ್ಲರ್ ಆದ ಮೇಲೆ ಚರ್ಮ ಬೆಳ್ಳಗಾದರೆ, ಬಲೆ ಬಲೆಯಾಗಿ ಕಂದಿದರೆ, ತಡೆಯಲಾರದ ನೋವು ಬಂದರೆ, ಕಣ್ಣು ಮಂಜಾದರೆ ಬೆಳಿಗ್ಗೆ ತನಕ ಕಾಯಬೇಡಿ. ರಾತ್ರಿ ಎಷ್ಟೊತ್ತಾದರೂ ಡಾಕ್ಟರಿಗೆ ಫೋನ್ ಮಾಡಿ, ಆ ನಂಬರನ್ನು ಕ್ಲಿನಿಕ್ ಬಿಡುವ ಮೊದಲೇ ಇಸ್ಕೊಂಡಿರಿ.

ಮೊದಲ ಸಲ ಸ್ವಲ್ಪ ಕಡಿಮೆಯೇ ಹಾಕಿ ಅಂತ ಕೇಳಿ. ಎರಡು ವಾರಕ್ಕೆ ಮತ್ತೆ ಹೋಗಿ, ಅದೇ ಚೀಟಿ ಹಿಡಿದು ಅದೇ ಥರ ಹುಬ್ಬು ಎತ್ತಿ, ನಕ್ಕು ತೋರಿಸಿ. ಬೇಕಾದರೆ ಆಗ ಒಂದೆರಡು ಚುಕ್ಕಿ ಸೇರಿಸುತ್ತಾರೆ. ಆ ಸೇರಿಸುವುದಕ್ಕೆ ಬೇರೆ ದುಡ್ಡಾ, ಇದರಲ್ಲೇ ಬರುತ್ತದಾ ಅಂತ ಮೊದಲ ದಿನವೇ ಕೇಳಿ ಬರೆಸಿಕೊಂಡಿರಿ.