ತೋಟ ಬಿಟ್ಟು ಬರಲಾರೆ ಎಂದು ಮೊದಲೇ ಹೇಳಿದೆ

ಸೋಮವಾರಪೇಟೆ ತಾಲ್ಲೂಕಿನಲ್ಲಿರುವ ನಮ್ಮ ಕಾಫಿ ತೋಟವನ್ನು ಅಪ್ಪನ ನಂತರ ನಾನೇ ನೋಡಿಕೊಳ್ಳುತ್ತಿದ್ದೇನೆ. ಒಬ್ಬರೊಡನೆ ಕೆಲಕಾಲ ಒಡನಾಡಿ, ಹೊಂದಿಕೆಯಾದರೆ ಮಾತ್ರ ಮದುವೆಯಾಗಬೇಕೆಂದು ಹೊರಟ ನನಗೆ, ಮನಸ್ಸಿನಲ್ಲಿರುವುದನ್ನು ಯಾವಾಗ ಹೇಳಬೇಕೆಂಬುದೇ ದೊಡ್ಡ ಪ್ರಶ್ನೆಯಾಗಿತ್ತು. ಮೊದಲ ಭೇಟಿಯಲ್ಲೇ ಎಲ್ಲವನ್ನೂ ಒಪ್ಪಿಸಿದರೆ ಅದು ಹೆಣ್ಣು ನೋಡುವ ಶಾಸ್ತ್ರವಾಗಿಬಿಡುತ್ತದೆ; ತಿಂಗಳುಗಟ್ಟಲೆ ಮುಂದೂಡಿದರೆ ಸಲುಗೆ ಬೆಳೆದು, ಎದುರಿನವರಿಗೆ ಒಲ್ಲೆ ಎನ್ನುವುದೇ ಕಷ್ಟವಾಗುತ್ತದೆ. ಹಾಗಾಗಿ ಎರಡನೆಯ ಭೇಟಿಯನ್ನು ಇದಕ್ಕೆಂದೇ ಇಟ್ಟುಕೊಂಡೆ.

ನಾನು ಒಡನಾಡುತ್ತಿದ್ದವರು ಮೈಸೂರಿನಲ್ಲಿ ಉಪನ್ಯಾಸಕಿ. ಕುಶಾಲನಗರದ ಹೋಟೆಲೊಂದರಲ್ಲಿ ಭೇಟಿಯಾದೆವು. (ಮಡಿಕೇರಿಯ ರಾಜಾಸೀಟಿನಲ್ಲಿ ಇಬ್ಬರು ಒಟ್ಟಿಗೆ ಕುಳಿತರೆ ಸುದ್ದಿ ಅವರಿಗಿಂತ ಮೊದಲು ಮನೆ ತಲುಪುತ್ತದೆ.) ನಾನು ತೋಟ ಬಿಟ್ಟು ಪಟ್ಟಣಕ್ಕೆ ಬರುವವನಲ್ಲ ಎಂದು ನೇರವಾಗಿ ಹೇಳಿದೆ. ಅರೇಬಿಕಾ ಕಾಫಿ ಮುಗಿಯುವ ಹೊತ್ತಿಗೆ ರೋಬಸ್ಟಾ ಎಂಬ ಇನ್ನೊಂದು ಬಗೆಯ ಕೊಯ್ಲು ಶುರುವಾಗುತ್ತದೆ, ಅದರ ಬೆನ್ನಿಗೇ ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ (ಕಾಫಿ ಹೂ ಅರಳಲು ಬೇಕಾದ ಮಳೆ) ಬಾರದಿದ್ದರೆ ರಾತ್ರಿಯೂ ಸ್ಪ್ರಿಂಕ್ಲರ್ ಪೈಪು ಬದಲಿಸುತ್ತ ತೋಟದಲ್ಲೇ ಇರಬೇಕಾಗುತ್ತದೆ, ಮಳೆಗಾಲದಲ್ಲಿ ಕರೆಂಟು ಹೋದರೆ ಫೋನೂ ಸಿಗುವುದಿಲ್ಲ ಎಂಬುದನ್ನೆಲ್ಲ ವಿವರಿಸಿದೆ. ಪ್ರೀತಿ ಹೆಚ್ಚಾದಂತೆ ಇದು ಬದಲಾಗಬಹುದೆಂಬ ನಿರೀಕ್ಷೆ ಬೇಡವೆಂದೂ ಸೇರಿಸಿದೆ.

"ಹಾಗಾದರೆ ನನ್ನ ಕೆಲಸ?" ಎಂದರು.

"ಬಿಡಿ ಎಂದು ಕೇಳುವುದಿಲ್ಲ. ಆದರೆ ಇಲ್ಲಿದ್ದುಕೊಂಡು ಅದನ್ನು ಹೇಗೆ ಮಾಡುತ್ತೀರೋ, ಅದಕ್ಕೆ ನನ್ನಲ್ಲಿ ಉತ್ತರವಿಲ್ಲ" ಎಂದೆ.

ಇಲ್ಲಿ ಸುಳ್ಳು ಭರವಸೆ ಕೊಡುವುದು ಬಹಳ ಸುಲಭವಾಗಿತ್ತು. ಹಿಂದೊಮ್ಮೆ ಪರಿಚಯವಾಗಿದ್ದ ಇನ್ನೊಬ್ಬರು ಇದೇ ಮಾತು ಕೇಳಿ, ಈಗಲೇ ಹೇಳಿದ್ದು ಒಳ್ಳೆಯದಾಯಿತೆಂದು ಹೇಳಿ ಹೊರಟುಹೋಗಿದ್ದರು. ಅದರಿಂದ ಬೇಸರವಾಗಲಿಲ್ಲವೆಂದಲ್ಲ, ಆದರೆ ಇಬ್ಬರ ಕಾಲವೂ ಉಳಿಯಿತು.

ಬದ್ಧತೆಯ ವಿಚಾರದಲ್ಲಿ ನನ್ನ ಕಡೆಯದನ್ನು ಮೊದಲು ಹೇಳಿ ಆಮೇಲೆ ಅವರನ್ನು ಕೇಳಿದೆ. ನಾನು ಬೇರೆ ಯಾರನ್ನೂ ಭೇಟಿಯಾಗುತ್ತಿಲ್ಲ ಎಂದಾಗ, ಮನೆಯವರು ತೋರಿಸಿದ ಸಂಬಂಧವೊಂದಕ್ಕೆ ಇನ್ನೂ ಇಲ್ಲವೆಂದು ಹೇಳಿಲ್ಲ ಎಂದು ಅವರು ತಿಳಿಸಿದರು. ಕೇಳಲು ಹಿತವಾಗಿರಲಿಲ್ಲ, ಆದರೂ ಅವರ ಮೇಲೆ ನಂಬಿಕೆ ಹುಟ್ಟಿದ್ದು ಆ ಉತ್ತರದಿಂದಲೇ. ಕೊಯ್ಲು ಮುಗಿದು ಯುಗಾದಿ ಬರುವ ಹೊತ್ತಿಗೆ ಇಬ್ಬರೂ ಹೌದು ಅಥವಾ ಇಲ್ಲ ಎನ್ನಬೇಕೆಂದು ನಿಗದಿ ಮಾಡಿಕೊಂಡೆವು. ಗಡುವಿಲ್ಲದ ಒಡನಾಟದಲ್ಲಿ ಹೆಚ್ಚು ಒತ್ತಡ ಬೀಳುವುದು ಹೆಣ್ಣಿನ ಮೇಲೆ ಎಂದು ನನ್ನ ಅಭಿಪ್ರಾಯ, ಏಕೆಂದರೆ ಮನೆಯಲ್ಲಿ ದಿನವೂ ಪ್ರಶ್ನೆ ಎದುರಿಸುವವರು ಅವರೇ.

ಅಲ್ಲಿಯವರೆಗೆ ಅವರನ್ನು ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಗೆ ಐನ್‌ಮನೆಗೆ, ಅಂದರೆ ನಮ್ಮ ಕುಟುಂಬದ ಮೂಲಮನೆಗೆ ಕರೆಯುವುದಿಲ್ಲವೆಂದೂ ಮಾತಾಯಿತು. ಕುಟುಂಬದವರೆಲ್ಲ ಸೇರುವ ಆ ದಿನ ಅವರನ್ನು ಕರೆದುಕೊಂಡು ಹೋದರೆ ನಿಶ್ಚಿತಾರ್ಥವೇ ಆದಂತೆ. ನಮ್ಮಿಬ್ಬರದು ಬೇರೆ ಬೇರೆ ಧರ್ಮವಾದ್ದರಿಂದ, 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವುದಾದರೆ 30 ದಿನ ಮೊದಲೇ ನೋಟಿಸ್ ಕೊಡಬೇಕು, ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಹಾಕುತ್ತಾರೆ ಎಂಬುದನ್ನೂ ತಿಳಿಸಿದೆ. ಮನೆಯವರಿಗೆ ನೋಟಿಸ್‌ನಿಂದ ಗೊತ್ತಾಗುವ ಮೊದಲು ನಾವೇ ಹೇಳಬೇಕೆಂದು ಒಪ್ಪಿಕೊಂಡೆವು.

ಯುಗಾದಿಗೆ ಇಬ್ಬರೂ ಹೌದೆಂದೆವು, ಮನೆಯವರು ತೋರಿಸಿದ್ದ ಆ ಸಂಬಂಧಕ್ಕೆ ಅವರು ಬೇಡವೆಂದರು. ಕೆಲಸದ ಪ್ರಶ್ನೆ ಮಾತ್ರ ಪೂರ್ತಿ ಬಗೆಹರಿದಿಲ್ಲ: ಕುಶಾಲನಗರದ ಕಡೆ ಕಾಲೇಜು ಸಿಕ್ಕರೆ ಬರುವುದಾಗಿಯೂ, ಸಿಗದಿದ್ದರೆ ಮೊದಲ ವರ್ಷ ಮೈಸೂರಿನಲ್ಲೇ ಇದ್ದು ವಾರಾಂತ್ಯಕ್ಕೆ ಮಾತ್ರ ಬರುವುದಾಗಿಯೂ ಅವರು ಷರತ್ತು ಹಾಕಿದ್ದಾರೆ. ನಾನು ಒಪ್ಪಿದ್ದೇನೆ, ಅಮ್ಮನಿಗೂ ಹಾಗೆಯೇ ಹೇಳಿದ್ದೇನೆ.