ಪೀಲಿಂಗ್ ಹೆಂಗಸರು ನಿಂತರು, ಇಡೀ ಬೀಜವೂ ಜಾಸ್ತಿ ಬಂತು: ನನ್ನ ಅನುಭವ

ಪೀಲಿಂಗ್‌ಗೆ, ಅಂದರೆ ಗೇರು ತಿರುಳಿನ ತೆಳು ಸಿಪ್ಪೆ ಬಿಡಿಸುವ ಕೆಲಸಕ್ಕೆ, ಹೆಂಗಸರು ನಿಲ್ಲುವುದಿಲ್ಲ ಎಂಬುದು ಕುಮಟಾ ಕಡೆಯ ಗೇರುಬೀಜ ಫ್ಯಾಕ್ಟರಿಯವರ ಹಳೇ ಗೋಳು. ನಾನೂ ವರ್ಷಗಟ್ಟಲೆ ಅದನ್ನೇ ಹೇಳಿಕೊಂಡು ಬಂದವನು. ಈಗ ನನ್ನಲ್ಲಿ ಪೀಲಿಂಗ್‌ಗೆ ಕೂರುವ ಸುಮಾರು ನಲವತ್ತು ಮಂದಿಯಲ್ಲಿ ಮುಕ್ಕಾಲು ಪಾಲು ಮೂರು ವರ್ಷ ದಾಟಿದವರು. "ಹೆಂಗಸರನ್ನು ತಲೆ ಮೇಲೆ ಕೂರಿಸ್ಕೊಂಡಿದ್ದಾನೆ, ಬೇಗ ಬಾಗಿಲು ಹಾಕ್ತಾನೆ" ಎಂದಿದ್ದ ಗೆಳೆಯರೊಬ್ಬರು ಮೊನ್ನೆ ಅವರಾಗಿಯೇ ಫೋನ್ ಮಾಡಿ, "ಹೇಗೆ ಮಾಡಿದೆ ಮಾರಾಯಾ?" ಎಂದು ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ. ಒಂದೆರಡು ವಿಷಯ ಮಾತ್ರ ನನ್ನ ಹತ್ತಿರವೇ ಇರಲಿ.

ಮೊದಲು ದುಡ್ಡಿನ ಲೆಕ್ಕ. ಹೊಸಬಳು ಬಂದರೆ ಮೊದಲ ತಿಂಗಳು ದಿನಕ್ಕೆ ನಾಲ್ಕು ಕಿಲೋ ದಾಟುವುದಿಲ್ಲ, ಅದರಲ್ಲೂ ಅರ್ಧ ಹೋಳು, ತುಂಡು. ಪಳಗಿದವಳು ಎಂಟು ಕಿಲೋ ಬಿಡಿಸುತ್ತಾಳೆ, ಇಡೀ ಬೀಜ ನೂರಕ್ಕೆ ಎಪ್ಪತ್ತು ಸಿಗುತ್ತದೆ. ಡಬ್ಲ್ಯೂ 320 ಎಂಬ ಇಡೀ ಬೀಜದ ದರ್ಜೆಗೂ ತುಂಡಿಗೂ ಕಿಲೋಗೆ ನೂರು ರೂಪಾಯಿಗೂ ಮೀರಿ ವ್ಯತ್ಯಾಸ. ನಮ್ಮಲ್ಲಿ ದಿನಕ್ಕೆ ಮುನ್ನೂರು ಕಿಲೋ ತಿರುಳು. ಇಡೀ ಬೀಜ 65ರಿಂದ 72ಕ್ಕೆ ಏರಿದರೆ ತಿಂಗಳಿಗೆ ಐವತ್ತು ಸಾವಿರದಷ್ಟು ಸುಮ್ನೆ ಉಳಿಯುತ್ತದೆ. ಕಚ್ಚಾ ಬೀಜದ ರೇಟು ನಮ್ಮ ಕೈಯಲ್ಲಿಲ್ಲ, ಅದನ್ನು ಆಫ್ರಿಕಾದ ಬೆಳೆ ನಿರ್ಧರಿಸುತ್ತದೆ. ಪೀಲಿಂಗ್ ಟೇಬಲ್ ಮಾತ್ರ ನಮ್ಮ ಕೈಯಲ್ಲಿದೆ.

ಹಿಂದೆ ಮಾಡಿದ್ದೆಲ್ಲ ಹೇಗೆ ಕೆಟ್ಟಿತು ಕೇಳಿ. ಎಲ್ಲರ ಹಾಗೆ ಮುಂಗಡ ಕೊಟ್ಟೆ. ಒಂದು ಹಂತದಲ್ಲಿ ಹೊರಗೆ ನಿಂತ ಮುಂಗಡವೇ ಒಂದೂವರೆ ಲಕ್ಷ ಇತ್ತು. ತಗೊಂಡವರು ಸಾಲ ತೀರಿಸಲಾಗದೆ ಬೇರೆ ಫ್ಯಾಕ್ಟರಿಗೆ ಹೋಗಿ ಅಲ್ಲೂ ಮುಂಗಡ ತಗೊಂಡರು. ಆಮೇಲೆ ಹಾಜರಿ ಬೋನಸ್: ತಿಂಗಳಿಡೀ ತಪ್ಪದೆ ಬಂದರೆ ಸಾವಿರ ರೂಪಾಯಿ. ಎಂಟನೇ ತಾರೀಕಿಗೆ ಮಗುವಿಗೆ ಜ್ವರ ಬಂದು ಒಂದು ದಿನ ತಪ್ಪಿತು ಅಂದರೆ ಬೋನಸ್ ಹೋಯಿತು, ಇನ್ನು ಉಳಿದ ತಿಂಗಳು ಯಾಕೆ ಓಡಿ ಬರಬೇಕು ಅಲ್ವಾ? ಹಾಜರಿ ಮೊದಲಿಗಿಂತ ಕಡಿಮೆಯಾಯಿತು. ಹುಬ್ಬಳ್ಳಿಯಿಂದ ಒಬ್ಬ ಎಚ್‌ಆರ್ ಸಲಹೆಗಾರರನ್ನೂ ಕರೆಸಿದ್ದೆ. ಅವರು ನಗುವ ಮುಖ, ಅಳುವ ಮುಖ ಇರುವ ಚೀಟಿ ಹಂಚಿದರು. ಎಲ್ಲರೂ ನಗುವ ಮುಖಕ್ಕೇ ಗುರುತು ಹಾಕಿದರು. ಆ ತಿಂಗಳೇ ಐದು ಜನ ಬಿಟ್ಟರು. ಫೀಸು ಇಪ್ಪತ್ತೈದು ಸಾವಿರ.

ಕೊನೆಗೆ ಫಲ ಕೊಟ್ಟದ್ದರಲ್ಲಿ ಮೊದಲನೆಯದು ವಾರದ ಸಂಬಳ. ಹೆಚ್ಚಿನವರಿಗೆ ಸ್ವಸಹಾಯ ಸಂಘದ ಕಂತು ವಾರಕ್ಕೊಮ್ಮೆ. ನಾವು ಕೊಡುತ್ತಿದ್ದದ್ದು ತಿಂಗಳಿಗೊಮ್ಮೆ. ಮುಂಗಡ ಕೇಳುತ್ತಿದ್ದದ್ದು ಅದಕ್ಕೇ, ದುಂದುಗಾರಿಕೆಗಲ್ಲ. ಕಂತಿನ ಹಿಂದಿನ ದಿನಕ್ಕೆ ವಾರದ ಸಂಬಳ ಮಾಡಿದೆ. ನನ್ನ ಅಕೌಂಟೆಂಟ್ ಗೊಣಗಿದ, ಗೊಣಗಲಿ. ಆರು ತಿಂಗಳಲ್ಲಿ ಮುಂಗಡದ ಪುಸ್ತಕ ಹೆಚ್ಚುಕಡಿಮೆ ಖಾಲಿ.

ಎರಡನೆಯದು ಟೇಬಲ್ ಬೋನಸ್. ಒಬ್ಬೊಬ್ಬರಿಗೆ ಬೋನಸ್ ಇಟ್ಟಾಗ ಚುರುಕಿನವರು ಒಳ್ಳೇ ಲಾಟ್ ಎಳೆದುಕೊಳ್ಳುತ್ತಿದ್ದರು, ಬೋರ್ಮಾದಿಂದ (ತಿರುಳು ಒಣಗಿಸುವ ಒಲೆ) ಸರಿಯಾಗಿ ಒಣಗದೆ ಬಂದದ್ದು ಹೊಸಬರ ಪಾಲು. ದಿನಾ ಜಗಳ. ಈಗ ಆರು ಜನರ ಟೇಬಲ್‌ಗೆ ಒಟ್ಟಿಗೆ ತೂಕ. ಎಲ್ಲರ ಎದುರಿಗೇ ಕಾಟಾ, ಎಲ್ಲರ ಎದುರಿಗೇ ಬರೆಯುವುದು. ಇಡೀ ಬೀಜ 65 ದಾಟಿದರೆ ಅದರ ಮೇಲಿನ ಲಾಭದಲ್ಲಿ ಮೂರನೇ ಒಂದು ಪಾಲು ಟೇಬಲ್‌ಗೆ. ಕಿಲೋ ಲೆಕ್ಕದ ಕೂಲಿ ಹಾಗೇ ಇದೆ, ಅದನ್ನು ಮುಟ್ಟಿಲ್ಲ. ತಿಂಗಳಿಗೆ ಹದಿನೈದು-ಹದಿನೆಂಟು ಸಾವಿರ ಹೋಗುತ್ತದೆ, ಬರುವುದು ಮೇಲೆ ಹೇಳಿದ್ದೇನೆ. ಹೊಸಬಳಿಗೆ ಕತ್ತಿ ಹಿಡಿಯುವುದನ್ನು ಈಗ ನಾನು ಕಲಿಸಬೇಕಿಲ್ಲ, ಪಕ್ಕದ ಅಕ್ಕನೇ ಕಲಿಸುತ್ತಾಳೆ. ಯಾವ ಟೇಬಲ್‌ನಲ್ಲಿ ಯಾರನ್ನು ಯಾರ ಜೊತೆ ಕೂರಿಸುತ್ತೇನೆ ಎಂಬುದನ್ನು ಕೇಳಬೇಡಿ, ಅದು ನನಗೆ ಬಹಳ ದುಡ್ಡು ತಿಂದು ಕಲಿಸಿದ ವಿದ್ಯೆ.

ಪಿಎಫ್ ಅಂದರೆ ಮೊದಲು ಎಲ್ಲರೂ ದೂರ ಓಡುತ್ತಿದ್ದರು. "ಒಡೇರೆ, ಆ ದುಡ್ಡು ಕಡೀಗೆ ನಮ್ಗೆ ಸಿಕ್ತದ್ಯಾ?" ಅವರದು ನೂರಕ್ಕೆ 12, ನಮ್ಮದೂ 12 ಎಂದು ಎಷ್ಟು ಹೇಳಿದರೂ ಕೈಗೆ ಬರುವ ಸಂಬಳ ಕಡಿಮೆಯಾಗುವುದಷ್ಟೇ ಕಾಣುತ್ತಿತ್ತು. ಒಬ್ಬಾಕೆಯ ಗಂಡನಿಗೆ ಆಪರೇಷನ್ ಆದಾಗ ನಾನೇ ಕೂತು ಪಿಎಫ್‌ನಿಂದ ಮುಂಗಡ ತೆಗೆಯುವ ಫಾರ್ಮ್ 31 ಹಾಕಿಸಿದೆ. ದುಡ್ಡು ನೇರ ಆಕೆಯ ಖಾತೆಗೆ ಬಂತು. ಆಕೆ ಮೆಸೇಜನ್ನು ಊಟದ ಹೊತ್ತಿಗೆ ಎಲ್ಲರಿಗೂ ತೋರಿಸಿದಳು. ಅಂದಿನಿಂದ ಪಿಎಫ್‌ಗೆ ನನ್ನ ಹೆಸರು ಬಿಡಿ ಎಂದು ಯಾರೂ ಕೇಳಿಲ್ಲ. ಇಎಸ್‌ಐ ಎಂಬ ಸರಕಾರಿ ಕಾರ್ಮಿಕ ವಿಮೆಯಲ್ಲಿ ಹೆರಿಗೆಗೆ 26 ವಾರದ ತನಕ ಸಂಬಳ ಸಿಗುತ್ತದೆ, ನಮ್ಮ ಜೇಬಿನಿಂದ ಹೋಗುವುದು ತಿಂಗಳ ಸಂಬಳದ ನೂರಕ್ಕೆ 3.25 ಮಾತ್ರ. ಕಾಗದಪತ್ರ ನಾವು ಮಾಡಿಕೊಡುತ್ತೇವೆ, ಜಾಗ ಹಾಗೇ ಇಟ್ಟಿರುತ್ತೇವೆ. ಹೆರಿಗೆಗೆ ಹೋದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಿರುಗಿ ಬಂದಿದ್ದಾರೆ. ಇನ್ನೊಂದು: ಐದು ವರ್ಷ ದುಡಿದವರಿಗೆ ಬಿಡುವಾಗ ಗ್ರ್ಯಾಚುಟಿ ದುಡ್ಡು ಇದೆಯಲ್ಲ, ನಾಲ್ಕು ವರ್ಷ ಆದವರಿಗೆ ಎಷ್ಟಾಗುತ್ತದೆ ಎಂದು ಚೀಟಿಯಲ್ಲಿ ಬರೆದು ಕೊಡುತ್ತೇನೆ. ಮುಚ್ಚಿಡುವವರೇ ಜಾಸ್ತಿ. ತೋರಿಸಿ ನೋಡಿ.

ವ್ಯಾನ್ ಇಟ್ಟಿದ್ದೆ, ಡೀಸೆಲ್, ಡ್ರೈವರ್ ಸೇರಿ ತಿಂಗಳಿಗೆ ಮೂವತ್ತೈದು ಸಾವಿರ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು, ಬಸ್ಸು ಪುಕ್ಕಟೆ. ವ್ಯಾನ್ ಮಾರಿದೆ, ಕೆಲಸದ ಹೊತ್ತನ್ನು ಬಸ್ಸಿನ ಹೊತ್ತಿಗೆ ಹೊಂದಿಸಿದೆ. ತಡವಾದರೆ ದಂಡ ಎಂಬುದನ್ನೂ ತೆಗೆದೆ. ಕಿಲೋ ಲೆಕ್ಕದವರಿಗೆ ದಂಡ ಯಾಕೆ?

2024ರ ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಕುಸಿದು ಹೈವೇ ಬಂದ್ ಆಯಿತು. ಅಂಕೋಲಾ ಕಡೆಯಿಂದ ಬರುವ ಏಳೆಂಟು ಮಂದಿ ಬರುವ ಹಾಗೇ ಇರಲಿಲ್ಲ. ರಸ್ತೆ ತೆರೆಯುವ ತನಕ ಅರ್ಧ ಕೂಲಿ ಹಾಕಿದೆ. ಎಲ್ಲರೂ ನಕ್ಕರು. ರಸ್ತೆ ಆದ ಮೇಲೆ ಒಬ್ಬರೂ ತಪ್ಪದೆ ಬಂದರು. ನಾಟಿ ಸಮಯಕ್ಕೆ ಅರ್ಧ ದಿನ, ಚೌತಿಗೆ ರಜೆ, ಬೋನಸ್ ಚೌತಿಯ ಹಿಂದಿನ ವಾರವೇ. ಆ ದಿನಗಳಲ್ಲಿ ಹೇಗಿದ್ದರೂ ಅವರು ಬರುವುದಿಲ್ಲ, ನಾವೇ ಮೊದಲು ರಜೆ ಕೊಟ್ಟರೆ ಹೆಸರಾದರೂ ನಮ್ಮದು.

ಮಧ್ಯೆ ಒಂದು ಹುಚ್ಚು ಪ್ರಯೋಗ: ಸ್ಪೀಕರ್‌ನಲ್ಲಿ ಯಕ್ಷಗಾನ ಹಾಕಿದೆ. ಪ್ರಸಂಗ ರಂಗೇರಿದಾಗ ಕೈ ನಿಲ್ಲುತ್ತಿತ್ತು, ತೂಕ ಇಳಿಯಿತು. ಸಿನಿಮಾ ಹಾಡು ಪರವಾಗಿಲ್ಲ. ಸಂಜೆಯ ಅವಲಕ್ಕಿ-ಚಾ ಮಾತ್ರ ಖರ್ಚಿಗೆ ಮೀರಿ ಫಲ ಕೊಟ್ಟಿತು, ಕೊನೆಯ ಗಂಟೆಯ ತುಂಡು ಕಡಿಮೆಯಾಯಿತು.

ಬೀಜ ಬೇಯಿಸುವ ಬಾಯ್ಲರ್ ಕಡೆಯ ಗಂಡಸರ ವಿಷಯದಲ್ಲಿ ಇದ್ಯಾವುದೂ ನಡೆದಿಲ್ಲ. ಜೂನ್-ಜುಲೈ ಮೀನುಗಾರಿಕೆ ನಿಷೇಧದಲ್ಲಿ ಬರುತ್ತಾರೆ, ಆಗಸ್ಟ್ 1ಕ್ಕೆ ಬೋಟು ಹತ್ತುತ್ತಾರೆ. ತಡೆಯುವುದನ್ನು ಬಿಟ್ಟಿದ್ದೇನೆ. ಮೂಟೆ ಇಳಿಸುವಂಥ ಕೆಲಸ ಆದಷ್ಟನ್ನೂ ಆ ಎರಡು ತಿಂಗಳಿಗೇ ತುಂಬುತ್ತೇನೆ. ಈಗ ಕಟಿಂಗ್‌ಗೂ (ಬೀಜದ ಗಟ್ಟಿ ಸಿಪ್ಪೆ ಒಡೆಯುವ ಕೆಲಸ) ಟೇಬಲ್ ಬೋನಸ್ ಹಾಕಿದ್ದೇನೆ. ಸಿಪ್ಪೆಯಲ್ಲಿ ಉಳಿಯುವ ತಿರುಳನ್ನು ಯಾರ ಲೆಕ್ಕಕ್ಕೆ ಬರೆಯಬೇಕು ಎಂಬ ಜಗಳ ನಡೆಯುತ್ತಲೇ ಇದೆ.