ಶಿವರಾತ್ರಿ ಕಳೆದ ಮೇಲೆ ಮಾವಿನ ತೋಪು, ಟೊಮೆಟೊ ಸಾಲು

ಶ್ರೀನಿವಾಸಪುರದ ಕಡೆ ನಮ್ಮದು ಎರಡೆಕರೆ ಮಾವು, ಅರ್ಧ ಎಕರೆ ಟೊಮೆಟೊ. ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಅಂತ ಹೋಗುತ್ತೆ ಅಂತಾರೆ, ಆದರೆ ಬೆಳಗಿನ ಮಂಜು ಅಷ್ಟು ಬೇಗ ಬಿಡಲ್ಲ. ಮಾವಿನ ಹೂವಿಗೆ ಅದೇ ಕಂಟಕ. ಹೂಗೊಂಚಲಿನ ಮೇಲೆ ಬಿಳಿ ಪುಡಿ ಕಂಡರೆ ಬೂದಿರೋಗ. ನೀರಲ್ಲಿ ಕರಗುವ ಗಂಧಕ ಲೀಟರಿಗೆ 3 ಗ್ರಾಂ ಹಾಕಿ, ಬಿಸಿಲೇರುವ ಮುಂಚೆ ಹೊಡೆಯಿರಿ. ಒಂದು ವರ್ಷ ನಾನು ಮಧ್ಯಾಹ್ನ ಹೊಡೆದು ಚಿಗುರು ಸುಟ್ಟುಕೊಂಡೆ. ಹೂ ಪೂರ್ತಿ ಅರಳಿದಾಗ ಕೀಟನಾಶಕ ಮುಟ್ಟಬೇಡಿ, ನೊಣ, ಜೇನು ಬರದಿದ್ದರೆ ಕಾಯಿ ಎಲ್ಲಿಂದ ಕಚ್ಚೀತು? ಕಾಯಿ ಬಟಾಣಿ ಗಾತ್ರ ಆದಮೇಲೆ ನೀರು ಕೊಡಿ.

ಟೊಮೆಟೊಗೆ ಬಿಸಿಲು 35 ಡಿಗ್ರಿ ದಾಟಿದರೆ ಹೂ ಉದುರುತ್ತೆ. ಡ್ರಿಪ್ಪನ್ನು ಬೆಳಗ್ಗೆ, ಸಂಜೆ ಸ್ವಲ್ಪ ಸ್ವಲ್ಪ ಬಿಡಿ, ಬುಡಕ್ಕೆ ಒಣಹುಲ್ಲು ಹೊದಿಸಿ.

ಏಪ್ರಿಲ್ ಮಧ್ಯದಿಂದ ಅಶ್ವಿನಿ ನಕ್ಷತ್ರದ ಮಳೆ, ಆಮೇಲೆ ಭರಣಿ ಮಳೆ. ‘ಭರಣಿ ಮಳೆ ಧರಣಿ ಬೆಳೆ’ ನಿಜ, ಆಲಿಕಲ್ಲು ಬಿದ್ದರೆ ಮಾತ್ರ ಮಾವಿನವರ ಗೋಳು ಕೇಳಬೇಡಿ. ನಾನು ಮಂಗಳವಾರ, ಶುಕ್ರವಾರ ಹವಾಮಾನ ಇಲಾಖೆಯ ಮೇಘದೂತ್ ಆ್ಯಪ್‌ನಲ್ಲಿ ಮುನ್ಸೂಚನೆ ನೋಡಿಯೇ ಔಷಧಿ ಕಲಸೋದು. ಮೊದಲ ಹದ ಮಳೆ ಬಿದ್ದ ತಕ್ಷಣ ಖಾಲಿ ಹೊಲವನ್ನು ಇಳಿಜಾರಿಗೆ ಅಡ್ಡವಾಗಿ ಉತ್ತುಬಿಡಿ.